ಹೆಬ್ಬೆರಳಿದ್ದ ಮೀನು

ವೇನೆರ್ನ್ ಸರೋವರದ ದಕ್ಷಿಣ ದಂಡೆಯಲ್ಲಿ ದೊಡ್ಡ ಮೀನು ಹಿಡಿಯುವುದು ಅಂಥ ಕಷ್ಟದ ಕೆಲಸವೇನಲ್ಲ. ಹಿಡಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ತನ್ನ ಸಾಧನೆಯನ್ನು ತಾನೇ ಹೇಳಿಕೊಳ್ಳುವವನನ್ನು ಅಲ್ಲಿಯವರು, ಊಟದ ಮೇಜಿನ ಮೇಲೆ ಕಾಲು ಚಾಚಿದವನನ್ನು ನೋಡುವ ಹಾಗೆ ನೋಡುತ್ತಾರೆ. ಹಿಡಿದವನು ಸುಮ್ಮನಿರಬೇಕು. ಇನ್ನೊಬ್ಬನು ತಾನಾಗಿ ಬಂದು, ಗಾಳಿಯ ಬಗ್ಗೆ ಎರಡು ಮಾತಾಡಿ, ದೃಷ್ಟಿಯನ್ನು ಎಲ್ಲೋ ದೂರದ ನೀರಿನ ಮೇಲಿಟ್ಟು, "ಯಾವುದಕ್ಕೆ ಬಿತ್ತು?" ಎಂದು, ಅಂದರೆ ಮೀನು ಯಾವ ಎರೆಗೆ ಬಿತ್ತೆಂದು, ಕೇಳಬೇಕು. ಆಗ ಹಿಡಿದವನು "ಏನಿಲ್ಲ, ಅದೃಷ್ಟ ಅಷ್ಟೇ" ಎನ್ನಬೇಕು. ಕೇಳಿದವನು ಇನ್ನೊಮ್ಮೆ ಕೇಳಬೇಕು. ಆಮೇಲೆ ಹಿಡಿದವನು ಎರಡು ಗಂಟೆ ಮಾತಾಡಿದರೂ ಅದು ವಿನಯವೆಂದೇ ಲೆಕ್ಕ. ಈ ಎರಡು ಪ್ರಶ್ನೆಗಳ ನಡುವಿನ ಒಂದು ಉಸಿರಿನಷ್ಟು ಜಾಗದಲ್ಲಿ ಆ ಸೀಮೆಯ ಸಭ್ಯತೆಯೆಲ್ಲ ನಿಂತಿದೆ.

ಹೋಲ್ಮವಿಕ್ ಬಂದರಿನ ಎಲೋಫ್ ಬ್ರೂಮನ್ ಆ ಪ್ರಶ್ನೆಗಾಗಿ ಹನ್ನೊಂದು ವರ್ಷದಿಂದ ಕಾಯುತ್ತಿದ್ದ.

ಕಾಯುವುದು ಅವನಿಗೆ ಹೊಸದಲ್ಲ. ಪೇಟೆಯ ಹಾರ್ಡ್‌ವೇರ್ ಅಂಗಡಿಯ ಬಣ್ಣದ ಕೌಂಟರಿನ ಹಿಂದೆ ಮೂವತ್ತೊಂದು ವರ್ಷ ನಿಂತು ಊರಿನ ಗೋಡೆಗಳಿಗೆಲ್ಲ ಬಣ್ಣ ಕಲಸಿ ಕೊಟ್ಟವನು ಅವನು. ಮಲಗುವ ಕೋಣೆಗೆ ಯಾವ ಬಣ್ಣ ಒಪ್ಪೀತು ಎಂದು ಅಷ್ಟು ವರ್ಷದಲ್ಲಿ ಅವನನ್ನು ಯಾರೂ ಕೇಳಲಿಲ್ಲ. ಚೀಟಿಯಲ್ಲಿ ಬಣ್ಣದ ಅಂಕಿ ಬರೆದು ತರುತ್ತಿದ್ದರು; ಅವನು ಕಲಸುತ್ತಿದ್ದ. ನಿವೃತ್ತಿಯ ದಿನ ಅಂಗಡಿಯವರು ಅವನಿಗೊಂದು ಗೋಡೆ ಗಡಿಯಾರ ಕೊಟ್ಟರು, ಅದರ ಬಣ್ಣವನ್ನೂ ಅವನನ್ನು ಕೇಳದೆ. ಉಳಿದಂತೆ ಎಲೋಫ್ ಸ್ವಲ್ಪ ಮರೆವಿನ ಮನುಷ್ಯ. ಕೈಬಲೆಯನ್ನು ಅಡುಗೆಮನೆಯಲ್ಲೂ ಕಾಫಿಯ ಕೆಟಲನ್ನು ದೋಣಿಯಲ್ಲೂ ಬಿಟ್ಟು, ಎರಡೂ ಕಡೆ ಹುಡುಕಾಡುವ ಜಾತಿ. ಹೆಂಡತಿ ಆಸ್ತಾ ಅವನ ಕನ್ನಡಕವನ್ನು ಅವನ ಮೂಗಿನ ಮೇಲೆಯೇ ತೋರಿಸಿಕೊಟ್ಟ ಸಂದರ್ಭಗಳು ಒಂದೆರಡಲ್ಲ.

ಆದರೆ ಒಂದು ವಿಷಯದಲ್ಲಿ ಅವನ ತಲೆ ಏಪ್ರಿಲ್ ತಿಂಗಳ ಆಕಾಶದಷ್ಟು ನಿಚ್ಚಳವಾಗಿತ್ತು. ಸಾಲ್ಮನ್ ಮೀನಿಗೆ ಯಾವ ಬಣ್ಣದ ಎರೆ ಬೇಕೆಂಬುದು ಆ ವಿಷಯ.

ಆ ಸರೋವರದಲ್ಲಿ ಸಾಲ್ಮನ್ ಹಿಡಿಯುವವರು ಗಾಳ ಹಾಕಿ ಕೂರುವುದಿಲ್ಲ. ಎರೆಯೆಂದು ಮರದಲ್ಲಿ ಕಡೆದ ಹುಸಿಮೀನುಗಳನ್ನು ಉದ್ದದ ದಾರಕ್ಕೆ ಕಟ್ಟಿ, ದೋಣಿಯ ಹಿಂದೆ ಎಳೆಯುತ್ತ ನಿಧಾನವಾಗಿ ಸಾಗುತ್ತಾರೆ. ಇಂಜಿನ್ನಿನ ಸದ್ದಿಗೆ ಮೀನು ಬೆದರದಿರಲೆಂದು, ದಾರಗಳನ್ನು ಚಿಕ್ಕ ಚಿಕ್ಕ ತೇಲುವ ಹಲಗೆಗಳಿಗೆ ಸಿಕ್ಕಿಸಿ ದೋಣಿಯ ಎಡಬಲಕ್ಕೆ ದೂರ ಹಾಯಿಸುತ್ತಾರೆ. ಈ ಶಾಸ್ತ್ರಕ್ಕೆ ಹೋಲ್ಮವಿಕ್‌ನಲ್ಲಿ ಒಬ್ಬನೇ ಆಚಾರ್ಯ: ಬಂದರಿನ ಮೀನುಗಾರರ ಸಂಘದ ಅಧ್ಯಕ್ಷ, ವಸಂತ ಸ್ಪರ್ಧೆಯನ್ನು ಒಂಬತ್ತು ಸಲ ಗೆದ್ದ ಹೆಲ್ಗೆ ಲಿಂಡ್‌ವಾಲ್. ಅವನ ಸಿದ್ಧಾಂತ ಸರಳವಾಗಿತ್ತು. ತಿಳಿನೀರು, ಬೆಳ್ಳಿ ಮತ್ತು ನೀಲಿಯ ಎರೆ, ಗಂಟೆಗೆ ನಾಲ್ಕು ಕಿಲೋಮೀಟರ್, ಗೆರೆ ಎಳೆದಂತೆ ನೇರ. "ಸಾಲ್ಮನ್ ಅಂದ್ರೆ ಮರ್ಯಾದಸ್ಥ ಮೀನು ಕಣ್ರಯ್ಯಾ," ಎನ್ನುತ್ತಿದ್ದ ಹೆಲ್ಗೆ, "ಅದರ ಮುಂದೆ ಮರ್ಯಾದೆಯಾಗಿ ಹೋಗ್ಬೇಕು."

ಹನ್ನೊಂದು ವರ್ಷದ ಹಿಂದೆ ಎಲೋಫ್ ಒಮ್ಮೆ ಸಂಘದ ಸಭೆಯಲ್ಲಿ ಎದ್ದು ನಿಂತು, ಹಿಮ ಕರಗಿದ ಮೇಲೆ ನದಿ ಬಂದು ಸೇರುವ ಕಡೆ ನೀರು ಚಹಾದಂತೆ ಕಂದಾಗಿರುತ್ತದೆ, ಕಂದು ನೀರಿನಲ್ಲಿ ಬೆಳ್ಳಿ ಸತ್ತುಹೋಗುತ್ತದೆ, ಅಲ್ಲಿ ಬೇಕಾದದ್ದು ಸಾಸಿವೆಯ ಹಳದಿ, ಹೊಟ್ಟೆಗೆ ಕಪ್ಪು ಎಂದು ತೊದಲಿದ್ದ.

"ಹಳದಿ?" ಎಂದಿದ್ದ ಹೆಲ್ಗೆ. "ನೀನು ಹಿಡಿಯೋಕೆ ಹೊರಟಿರೋದು ಸಾಲ್ಮನ್ನಾ, ಕೋತಿಯಾ? ಬಾಳೆಹಣ್ಣೇ ಕಟ್ಟಿಬಿಡು!"

ಆ ವರ್ಷವಿಡೀ ಎಲೋಫನ ದೋಣಿಯ ಆಸನದ ಮೇಲೆ ಯಾರೋ ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು. ಅವನು ಅದನ್ನು ಸುಲಿದು ತಿನ್ನುತ್ತಿದ್ದ. ಸಿಪ್ಪೆಯ ಬಣ್ಣವನ್ನು ನೀರಿನಲ್ಲಿ ಅದ್ದಿ ನೋಡುತ್ತಿದ್ದ.

ಏಪ್ರಿಲ್ ತಿಂಗಳ ಕೊನೆಯ ಮಂಗಳವಾರ ಮೂಡುಗಾಳಿ ಬೀಸುತ್ತಿತ್ತು. ಮೂಡುಗಾಳಿಗೆ ಮೀನು ಬಾಯಿ ತೆರೆಯುವುದಿಲ್ಲ ಎಂದು ಹೆಲ್ಗೆ ಅಪ್ಪಣೆ ಕೊಟ್ಟದ್ದರಿಂದ ಬಂದರಿನ ಗಂಡಸರೆಲ್ಲ ವಸಂತದ ಹಬ್ಬದ ಬೆಂಕಿಗೆ ಸೌದೆ ಒಟ್ಟಲು ಗುಡ್ಡಕ್ಕೆ ಹೋಗಿದ್ದರು. ಎರೆಗೆ ಏಳನೆಯ ಸಲ ಬಣ್ಣ ಬಳಿಯುವುದರಲ್ಲಿ ಮುಳುಗಿದ್ದ ಎಲೋಫನಿಗೆ ಗಾಳಿಯೂ ತಿಳಿಯಲಿಲ್ಲ, ಅಪ್ಪಣೆಯೂ ತಿಳಿಯಲಿಲ್ಲ. ಅವನು ಒಬ್ಬನೇ ಹೊರಟ. ನದಿಯ ಬಾಯಿಯಲ್ಲಿ, ಕಂದು ನೀರು ತಿಳಿನೀರಿನೊಳಗೆ ಹಳೆಯ ನೆನಪಿನಂತೆ ಹರಡಿಕೊಳ್ಳುವ ಅಂಚಿನಲ್ಲಿ, ಗಂಟೆಗೆ ಮೂರೇ ಕಿಲೋಮೀಟರ್ ವೇಗದಲ್ಲಿ ಹಾವು ಹರಿದಂತೆ ಅಂಕುಡೊಂಕಾಗಿ ದೋಣಿ ನಡೆಸಿದ. ದೋಣಿ ತಿರುಗುವಾಗ ಒಳಬದಿಯ ಎರೆ ಸೋತು ಇಳಿಯುತ್ತದೆ, ಹೊರಬದಿಯದು ಬೆದರಿದಂತೆ ಚಿಮ್ಮುತ್ತದೆ. ಹಿಂದೆ ಹಿಂದೆ ಬರುತ್ತ ಮನಸ್ಸು ಮಾಡದೆ ಇರುವ ಮೀನು ಆ ಗಳಿಗೆಯಲ್ಲಿ ಮನಸ್ಸು ಮಾಡುತ್ತದೆ. ಇದು ಎಲೋಫನ ಎರಡನೆಯ ಸಿದ್ಧಾಂತ. ಇದನ್ನು ಅವನು ಸಭೆಯಲ್ಲಿ ಹೇಳಿರಲಿಲ್ಲ.

ಮೂರನೆಯ ತಿರುವಿನಲ್ಲಿ ಹೊರಬದಿಯ ಹಲಗೆ ಗುಳುಂ ಎಂದು ಮುಳುಗಿತು.

ಮುಂದಿನ ನಲವತ್ತು ನಿಮಿಷ ಯಾರು ಯಾರನ್ನು ಎಳೆದರೆಂದು ನಿಶ್ಚಯವಾಗಿ ಹೇಳುವುದು ಕಷ್ಟ. ಮೀನು ದೋಣಿಯ ಪಕ್ಕಕ್ಕೆ ಬಂದಾಗ ಎಲೋಫ್ ಮೊದಲು ಕೈಯಾಡಿಸಿದ್ದು ಅದರ ಬೆನ್ನಿನ ಮೇಲೆ. ಇದು ಮುಖ್ಯ. ತೊಟ್ಟಿಯಲ್ಲಿ ಸಾಕಿ ಸರೋವರಕ್ಕೆ ಬಿಟ್ಟ ಸಾಲ್ಮನ್‌ಗಳಿಗೆ, ಬೆನ್ನಿನ ಹಿಂಭಾಗದಲ್ಲಿ ಬಾಲಕ್ಕಿಂತ ಸ್ವಲ್ಪ ಮುಂದಿರುವ ಕಿರುರೆಕ್ಕೆಯನ್ನು ಮರಿಯಾಗಿದ್ದಾಗಲೇ ಕತ್ತರಿಸಿರುತ್ತಾರೆ. ಆ ಜಾಗ ನುಣ್ಣಗಿದ್ದರೆ ಮೀನನ್ನು ಮನೆಗೆ ತರಬಹುದು. ಕಿರುರೆಕ್ಕೆ ಇದ್ದರೆ ಅದು ನದಿಯಲ್ಲಿ ತಾನಾಗಿ ಹುಟ್ಟಿದ ಕಾಡುಮೀನು, ಇದ್ದಲ್ಲಿಯೇ ಬಿಟ್ಟುಬಿಡಬೇಕು. ಹೋಲ್ಮವಿಕ್‌ನ ಜನ ಕೊಲೆ ಮಾಡಿದವನಿಗೆ ಬೇಕಾದರೆ ಕಾಫಿ ಕೊಟ್ಟಾರು. ಕಾಡುಮೀನು ತಂದವನಿಗೆ ಕುರ್ಚಿಯನ್ನೂ ಕೊಡರು.

ಬೆನ್ನು ನುಣ್ಣಗಿತ್ತು. ಕೈಬಲೆ ಎಂದಿನಂತೆ ಅಡುಗೆಮನೆಯಲ್ಲಿತ್ತು. ಎಲೋಫ್ ತನ್ನ ಮಳೆಯಂಗಿಯನ್ನೇ ಬಿಚ್ಚಿ, ಅದರಲ್ಲಿ ಮೀನನ್ನು ಸುತ್ತಿ, ಮೀನಿನ ಜೊತೆ ತಾನೂ ದೋಣಿಯೊಳಗೆ ಬಿದ್ದ.

ನೂರ ಎರಡು ಸೆಂಟಿಮೀಟರ್, ಹನ್ನೊಂದೂವರೆ ಕಿಲೋ.

ಅವನು ದೋಣಿ ಕಟ್ಟುವ ದಕ್ಕೆಗೆ ಬಂದಾಗ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಂಬಳಿ ಹೊದಿಸಿದ ಮೀನಿನ ಪಕ್ಕದಲ್ಲಿ, ಕಂಬಳಿಯಿಂದ ಬಾಲ ನಾಲ್ಕು ಬೆರಳು ಹೊರಗೆ ಇಣುಕುವಂತೆ ಹೊಂದಿಸಿ, ಎಲೋಫ್ ಒಂದೂವರೆ ಗಂಟೆ ಕೂತ. ಕೊನೆಗೆ ಪಕ್ಕದ ಮನೆಯ ಡಾಗ್ನಿ ತನ್ನ ನಾಯಿಯೊಡನೆ ಬಂದಳು. ಎಪ್ಪತ್ತು ದಾಟಿದ ಡಾಗ್ನಿಯ ಕಣ್ಣಿಗೆ ಬೀಳದೆ ಆ ಬಂದರಿನಲ್ಲಿ ಹಕ್ಕಿಯೂ ಮೊಟ್ಟೆಯಿಡುತ್ತಿರಲಿಲ್ಲ. ನಾಯಿ ಬಾಲವನ್ನು ಮೂಸಿತು. ಡಾಗ್ನಿ ಬಾಲವನ್ನು ನೋಡಿದಳು.

"ಚಳಿ, ಅಲ್ವಾ?" ಎಂದಳು.

"ಹೌದು, ಚಳಿ," ಎಂದ ಎಲೋಫ್, ಮುಂದಿನ ಮಾತಿಗೆ ಕಿವಿ ಚಾಚಿ.

"ಮೇ ತಿಂಗಳಿಗೆ ಸರಿಹೋಗುತ್ತೆ ಬಿಡು," ಎಂದು ಡಾಗ್ನಿ ನಾಯಿಯನ್ನು ಎಳೆದುಕೊಂಡು ಹೋದಳು.

ಕೇಳದೆ ಹೋದದ್ದು ಅಸಡ್ಡೆಯಿಂದಲ್ಲ. ಮುಚ್ಚಿಟ್ಟ ವಸ್ತುವಿನ ಬಗ್ಗೆ ಕೇಳುವುದು ಅವಳು ಬೆಳೆದ ಮನೆಯಲ್ಲಿ ಕಳ್ಳತನಕ್ಕೆ ಸಮವಾಗಿತ್ತು. ಅದು ಎಲೋಫನಿಗೂ ಗೊತ್ತಿತ್ತು. ಆದ್ದರಿಂದ ಮುಚ್ಚಿಡದೆ, ಆದರೆ ತೋರಿಸದೆ, ತಿಳಿಸುವ ಒಂದು ದಾರಿ ಅವನಿಗೆ ಬೇಕಾಯಿತು.

ದಾರಿ ಇತ್ತು. ದೊಡ್ಡ ಮೀನು ಸಿಕ್ಕರೆ ಅದನ್ನು ತೆಳುವಾದ ಮರದ ಹಲಗೆಯ ಮೇಲೆ ಮಲಗಿಸಿ, ಸುತ್ತ ಪೆನ್ಸಿಲ್ ಎಳೆದು, ಆ ಆಕಾರವನ್ನು ಗರಗಸದಲ್ಲಿ ಕತ್ತರಿಸಿ ದೋಣಿಮನೆಯ ಗೋಡೆಗೆ ಹೊಡೆಯುವುದು ಅಲ್ಲಿಯ ಹಳೆಯ ರೂಢಿ. ಹೆಲ್ಗೆಯ ಗೋಡೆಯ ಮೇಲೆ ಒಂಬತ್ತು ಮೀನುಗಳು ಸಾಲಾಗಿ ಈಜುತ್ತಿದ್ದವು. ಹಲಗೆ ಜಂಬ ಕೊಚ್ಚುವುದಿಲ್ಲ. ಅದು ಸುಮ್ಮನೆ ಗೋಡೆಯ ಮೇಲಿರುತ್ತದೆ.

ಎಲೋಫ್ ಅದೇ ಸಂಜೆ ಮೀನನ್ನು ಹಲಗೆಯ ಮೇಲೆ ಮಲಗಿಸಿದ. ಮೀನು ಜಾರುತ್ತಿತ್ತು. ಎಡಗೈಯ ಹೆಬ್ಬೆರಳಿನಿಂದ ಅದರ ಬೆನ್ನನ್ನು ಬಾಲದ ಹತ್ತಿರ ಒತ್ತಿಹಿಡಿದು, ಬಲಗೈಯಿಂದ ಪೆನ್ಸಿಲ್ ಎಳೆಯುತ್ತ ಹೋದ. ಮೂಗು, ತಲೆ, ಬೆನ್ನಿನ ದೊಡ್ಡ ರೆಕ್ಕೆ, ಬೆನ್ನಿನ ಇಳಿಜಾರು, ಹೆಬ್ಬೆರಳು, ಬಾಲ.

ಹೌದು, ಹೆಬ್ಬೆರಳು. ಪೆನ್ಸಿಲ್ಲು ತನ್ನ ಧರ್ಮದಂತೆ ಎದುರಾದದ್ದನ್ನೆಲ್ಲ ಬಳಸಿಕೊಂಡು ಹೋಯಿತು. ಎಲೋಫನ ಮನಸ್ಸು ಆಗ, "ಏನಿಲ್ಲ, ಅದೃಷ್ಟ ಅಷ್ಟೇ" ಎಂಬುದನ್ನು ಯಾವ ಸ್ವರದಲ್ಲಿ ಹೇಳಬೇಕೆಂಬ ಯೋಚನೆಯಲ್ಲಿತ್ತು. ಅವನು ಗೆರೆಯ ಗುಂಟ ಗರಗಸ ಆಡಿಸಿ, ಅಂಚು ಉಜ್ಜಿ, ಮೂರು ಸಲ ವಾರ್ನಿಷ್ ಬಳಿದು, ರಸ್ತೆಗೆ ಮುಖ ಮಾಡಿದ ಗೋಡೆಯಲ್ಲಿ ಮೊಳೆಯೊಂದು ಅಕಸ್ಮಾತ್ತಾಗಿ ಸಿಗುವಂತೆ ಮೊದಲು ಹೊಡೆದು, ಆಮೇಲೆ ಅದಕ್ಕೆ ತೂಗುಹಾಕಿದ. ಹೀಗೆ ಹೋಲ್ಮವಿಕ್ ಬಂದರಿನ ಬೆಳಕಿನಲ್ಲಿ, ಯಾವ ಜಾಗದಲ್ಲಿ ಏನೂ ಇರಬಾರದಿತ್ತೋ ಆ ಜಾಗದಲ್ಲಿ ಹೆಬ್ಬೆರಳ ಗಾತ್ರದ ಉಬ್ಬೊಂದನ್ನು ಹೊತ್ತು, ಒಂದು ಸಾಲ್ಮನ್ ಪ್ರಕಟವಾಯಿತು.

ಬುಧವಾರ ಬೆಳಿಗ್ಗೆ ಹೆಲ್ಗೆ ಸೈಕಲ್ ಮೇಲೆ ಬಂದ. ಬ್ರೇಕ್ ಹಾಕಿದ. ಅವನ ಕಣ್ಣು ಮೂಗಿನಿಂದ ಬಾಲದವರೆಗೆ ಮೆಚ್ಚುಗೆಯಿಂದ ಹರಿದು, ಬಾಲಕ್ಕೆ ಒಂದು ಗೇಣು ಮುಂಚೆ ಥಟ್ಟನೆ ನಿಂತಿತು. ಕಿಟಕಿಯ ಪರದೆಯ ಹಿಂದಿನಿಂದ ಇದನ್ನೆಲ್ಲ ನೋಡುತ್ತಿದ್ದ ಎಲೋಫ್, ಕೈಯಲ್ಲಿ ಪೊರಕೆ ಹಿಡಿದು, ಗುಡಿಸಲೆಂದೇ ಬಂದವನಂತೆ ಹೊರಗೆ ಬಂದ.

"ಗಾಳಿ ತಿರುಗಿದೆ," ಎಂದ ಹೆಲ್ಗೆ, ನೆಲ ನೋಡುತ್ತ.

"ತಿರುಗಿದೆ," ಎಂದ ಎಲೋಫ್. ಅವನ ಬಾಯಲ್ಲಿ ಅದೃಷ್ಟವೆಂಬ ಪದ ತುದಿಗೆ ಬಂದು ಕೂತಿತ್ತು.

"ಹ್ಞೂ." ಹೆಲ್ಗೆ ಇನ್ನೊಮ್ಮೆ ಉಬ್ಬನ್ನು ನೋಡಿದ, ಎಲೋಫನನ್ನು ನೋಡಿದ. ಅವನ ಕಣ್ಣಿನಲ್ಲಿ ಸಾವಿನ ಮನೆಗೆ ಬಂದವರ ಮೃದುತ್ವವಿತ್ತು. "ಆರೋಗ್ಯ ನೋಡ್ಕೋ ಎಲೋಫ್. ನಿವೃತ್ತಿ ಆದ್ಮೇಲೆ ಮನಸ್ಸು ಒಂದೊಂದ್ಸಲ..." ಎಂದು ಅರ್ಧಕ್ಕೇ ನಿಲ್ಲಿಸಿ ಪೆಡಲ್ ತುಳಿದ.

"ನೋಡಿದ್ಯಾ?" ಎಂದ ಎಲೋಫ್ ಒಳಗೆ ಬಂದು. "ಬಾಯೇ ಬರ್ಲಿಲ್ಲ ಅವನಿಗೆ. ಹೊಟ್ಟೆಕಿಚ್ಚು ಆಸ್ತಾ, ಹೊಟ್ಟೆಕಿಚ್ಚು!"

"ಹೊಟ್ಟೆಕಿಚ್ಚೋ ಹೊಟ್ಟೆನೋವೋ," ಎಂದಳು ಆಸ್ತಾ ಹಿಟ್ಟು ನಾದುತ್ತ. "ಅವ್ರು ಕೇಳ್ಬೇಕಾದ್ದನ್ನ ನೀನೇ ಹೋಗಿ ಹೇಳ್ಬಾರ್ದಾ ಮುದುಕಪ್ಪಾ?"

ಎಲೋಫ್ ಅವಳನ್ನು, ದೇವಾಲಯದಲ್ಲಿ ಶಿಳ್ಳೆ ಹೊಡೆದವಳನ್ನು ನೋಡುವಂತೆ ನೋಡಿದ.

ಅಂದು ಸಂಜೆಯೊಳಗೆ ಬಂದರಿನ ಅರ್ಧ ಜನ ಆ ರಸ್ತೆಯಲ್ಲಿ ಹಾದುಹೋದರು. ಎಂದೂ ನಡೆಯದವರು ನಡೆದರು. ಎಲ್ಲರೂ ಹಲಗೆಯ ಮುಂದೆ ನಿಧಾನಿಸಿದರು, ಒಂದೇ ಜಾಗದಲ್ಲಿ ಕಣ್ಣಿಟ್ಟರು, ನಿಟ್ಟುಸಿರಿಟ್ಟರು, ಹೋದರು. ಎಲೋಫ್ ಪರದೆಯ ಹಿಂದೆ ಎಣಿಸುತ್ತಿದ್ದ. ಇಪ್ಪತ್ತಾರು ಜನ. ಒಬ್ಬಳು ಟೋಪಿ ತೆಗೆದಳು. ಅದನ್ನು ಅವನು ಗೌರವವೆಂದು ತಿಳಿದ, ಶ್ರದ್ಧಾಂಜಲಿಯೆಂದು ತಿಳಿಯಲಿಲ್ಲ.

ಗುರುವಾರ ಅವನು ಮೀನಿನ ಮುಂಭಾಗವನ್ನು ಸೀಳಿ ಹೊಗೆಯಲ್ಲಿ ಬೇಯಿಸಿದ. ಆಸ್ತಾ ಅದನ್ನು ಚೆಂದವಾಗಿ ಕಾಗದದಲ್ಲಿ ಸುತ್ತಿ ಆರು ಮನೆಗೆ ಹಂಚಿದಳು. ತಿಂದವರು ಕೇಳಲೇಬೇಕಲ್ಲ, ಎಂಬುದು ಎಲೋಫನ ತರ್ಕ. ಮಧ್ಯಾಹ್ನದೊಳಗೆ ಆರು ಪೊಟ್ಟಣಗಳೂ ವಾಪಸ್ ಬಂದವು. ಒಬ್ಬರಿಗೆ ಡಾಕ್ಟರು ಹೊಗೆಯ ಪದಾರ್ಥ ಬೇಡವೆಂದಿದ್ದರು. ಇನ್ನೊಬ್ಬರು ಆ ಬೆಳಿಗ್ಗೆಯಿಂದ ಸಸ್ಯಾಹಾರಿಯಾಗಿದ್ದರು.

ಡಾಗ್ನಿ ತಾನೇ ಬಂದಳು. ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದಿದ್ದಳು.

"ನಂಗೆ ಬೇಡ ಎಲೋಫ್. ಕೋಪ ಮಾಡ್ಕೋಬೇಡ. ನಮ್ಮಪ್ಪ ನದಿ ಪಕ್ಕದಲ್ಲೇ ಹುಟ್ಟಿದೋನು."

"ಹೌದಾ?" ಎಂದ ಎಲೋಫ್, ಇದು ಪ್ರಶ್ನೆಗೆ ಪೀಠಿಕೆಯಿರಬಹುದೆಂದು ಬಾಗಿಲು ಪೂರ್ತಿ ತೆರೆದು.

"ಹೌದು. ಆ ಮೀನುಗಳ ಜೊತೆ ಬೆಳೆದೋನು." ಅವಳು ಪೊಟ್ಟಣವನ್ನು ಅವನ ಕೈಗಿಟ್ಟಳು. "ಅಷ್ಟೇ ನಾನು ಹೇಳೋದು."

ಅಷ್ಟೇ ಹೇಳಿ ಅವಳು ಹೋದಳು. ನಾಯಿ ಮಾತ್ರ ಪೊಟ್ಟಣದ ಕಡೆಗೆ ತಿರುಗಿ ತಿರುಗಿ ನೋಡುತ್ತ ಎಳೆಸಿಕೊಂಡು ಹೋಯಿತು. ಆ ಬಂದರಿನಲ್ಲಿ ಪೂರ್ವಗ್ರಹವಿಲ್ಲದ ಜೀವ ಅದೊಂದೇ.

ಶುಕ್ರವಾರ ಸಂಘದ ಕಾಫಿ ಸಭೆ. ಎಲೋಫ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಅವನು ಒಳಗೆ ಕಾಲಿಟ್ಟದ್ದೇ ಎಲ್ಲರೂ ಕುರ್ಚಿ ಸರಿಸಿ ದಾರಿ ಬಿಟ್ಟರು. ಯಾರೋ ಅವನಿಗೆ ಏಲಕ್ಕಿ ಬನ್ನು ಕೊಟ್ಟರು, ಇನ್ನಾರೋ ಬೆನ್ನಮೇಲೆ ಕೈಯಿಟ್ಟು ತಕ್ಷಣ ತೆಗೆದರು. ಹೆಲ್ಗೆ ಎದ್ದು ಚಮಚದಿಂದ ಬಟ್ಟಲು ತಟ್ಟಿದ.

"ಸ್ನೇಹಿತರೇ," ಎಂದ, "ಈ ವಾರ ನಮ್ಮ ಬಂದರಿಗೆ ಒಂದು ದೊಡ್ಡ ಮೀನು ಬಂದಿದೆ ಅಂತ ಮಾತು. ಯಾರು ತಂದ್ರು ಅಂತ ನಾನು ಹೇಳೋದಿಲ್ಲ. ನಾವ್ಯಾರೂ ಕೇಳಲೂ ಇಲ್ಲ, ಯಾಕಂದ್ರೆ ನಮಗೆ ಅವರ ಮೇಲೆ ಪ್ರೀತಿ ಇದೆ. ಮನುಷ್ಯನ ಜೀವನದಲ್ಲಿ ಒಂದು ಗಳಿಗೆ ಬರುತ್ತೆ. ಎದುರಿಗೆ ದೊಡ್ಡದೊಂದು ಇರುತ್ತೆ, ಸುತ್ತ ಯಾರೂ ಇರೋದಿಲ್ಲ. ಆಗ ಅವನೇನು ಮಾಡ್ತಾನೆ ಅನ್ನೋದು ಅವನಿಗೂ ನೀರಿಗೂ ಮಾತ್ರ ಗೊತ್ತು. ಆ ವ್ಯಕ್ತಿಗೆ ತಾನಾಗಿ ಎದ್ದು ನಿಲ್ಲಬೇಕು ಅನ್ನಿಸಿದ್ರೆ, ನಿಲ್ಲಲಿ. ನಾವು ಕೇಳಿಸ್ಕೋತೀವಿ."

ಎಲೋಫನ ಕಣ್ಣು ಮಂಜಾಯಿತು. ಇಷ್ಟು ಸೂಕ್ಷ್ಮವಾದ, ಇಷ್ಟು ಘನವಾದ ಆಹ್ವಾನವನ್ನು ಅವನು ಕನಸಿನಲ್ಲಿಯೂ ನಿರೀಕ್ಷಿಸಿರಲಿಲ್ಲ. ಪ್ರಶ್ನೆ ಇನ್ನೂ ಬಂದಿರಲಿಲ್ಲ, ನಿಜ. ಆದರೆ ಪ್ರಶ್ನೆಗೆ ಕೆಂಪು ಹಾಸು ಹಾಸಿದಂತಿತ್ತು. ಅವನು ಎದ್ದು ನಿಂತ.

"ನಾನೇ," ಎಂದ.

ಹೆಲ್ಗೆ ಚಮಚ ಕೆಳಗಿಟ್ಟ.

"ಅಕಸ್ಮಾತ್ ಆಯ್ತು ಅಂತ ಮಾತ್ರ ತಿಳ್ಕೋಬೇಡಿ," ಎಂದ ಎಲೋಫ್, ಗಂಟಲು ಸರಿಮಾಡಿಕೊಂಡು. "ಹನ್ನೊಂದು ವರ್ಷದಿಂದ ಯೋಚನೆ ಮಾಡಿ ಮಾಡಿದ ಕೆಲಸ. ಯಾರೂ ಇಲ್ಲದ ದಿನ, ಯಾರೂ ಹೋಗದ ಜಾಗ. ಆಸ್ತಾಗೂ ಎಲ್ಲ ಗೊತ್ತು."

"ಅಯ್ಯೋ, ಆಸ್ತಾನೂ!" ಎಂದು ಹಿಂದಿನಿಂದ ಯಾರೋ ನರಳಿದರು.

"ನಾಳೆ ಅವಕಾಶ ಸಿಕ್ರೆ ನಾಳೇನೂ ಮಾಡ್ತೀನಿ," ಎಂದು ಎಲೋಫ್ ಮುಗಿಸಿದ. "ನಿಮ್ಮಲ್ಲಿ ಯಾರಿಗಾದ್ರೂ ಕಲೀಬೇಕು ಅನ್ನಿಸಿದ್ರೆ ಹೇಳಿಕೊಡ್ತೀನಿ."

ಮೂಲೆಯಲ್ಲಿ ಕೂತಿದ್ದ ಹಿರಿಯ ಸದಸ್ಯರೊಬ್ಬರ ಬನ್ನು ಕಾಫಿಯೊಳಗೆ ಬಿದ್ದು ನಿಧಾನವಾಗಿ ಮುಳುಗಿತು. ಯಾರೂ ಕೇಳಲಿಲ್ಲ. ಒಬ್ಬೊಬ್ಬರಾಗಿ ಕೋಟು ಹುಡುಕತೊಡಗಿದರು.

ಯಾರು ದೂರು ಕೊಟ್ಟರೆಂಬುದು ಕೊನೆಗೂ ತಿಳಿಯಲಿಲ್ಲ. ತಿಳಿಯಬಾರದೆಂದೇ ಐದಾರು ಜನ ಬೇರೆ ಬೇರೆಯಾಗಿ ಕೊಟ್ಟಿದ್ದರು. ಎಲ್ಲ ಪತ್ರಗಳಲ್ಲೂ ಒಂದೇ ಧಾಟಿ: ಮನುಷ್ಯ ಒಳ್ಳೆಯವನು, ವಯಸ್ಸಾಗಿದೆ, ದಂಡ ಕಡಿಮೆ ಹಾಕಿ. ಮುಂದಿನ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಜಿಲ್ಲೆಯ ಕೇಂದ್ರದಿಂದ ಮೀನುಗಾರಿಕೆಯ ಮೇಲ್ವಿಚಾರಕಿ ಬಂದಳು. ಲೋವಿಸಾ ಹೆಡ್‌ಮನ್ ಎಂಬ, ಮೂವತ್ತರ ಆಸುಪಾಸಿನ, ಕಡತವನ್ನು ಮಗುವಿನಂತೆ ಎದೆಗವಚಿಕೊಂಡ ಹೆಂಗಸು. ಅದೇ ಹೊತ್ತಿಗೆ ಬಂದರಿನವರಿಗೆಲ್ಲ ಎಲೋಫನ ಮನೆಯ ಮುಂದೆ ಏನಾದರೊಂದು ಕೆಲಸ ಬಿತ್ತು. ಡಾಗ್ನಿಯ ನಾಯಿಗೆ ಅಂದು ಮೂರನೆಯ ಸಲ ತಿರುಗಾಟವಾಯಿತು. ಹೆಲ್ಗೆ ತನ್ನದಲ್ಲದ ಬೇಲಿಯನ್ನು ಅಳೆಯುತ್ತಿದ್ದ.

"ಈ ಮೀನು ನೀವು ಹಿಡಿದದ್ದಾ?" ಎಂದಳು ಲೋವಿಸಾ ಹಲಗೆಯ ಮುಂದೆ ನಿಂತು.

"ಹೌದು," ಎಂದ ಎಲೋಫ್. ಅವನ ಕಿವಿಗಳು ನೆಟ್ಟಗಾದವು.

"ಇದಕ್ಕೆ ಕಿರುರೆಕ್ಕೆ ಇತ್ತು."

"ಇರ್ಲಿಲ್ಲ."

"ಇಲ್ಲೇ ಇದೆಯಲ್ಲ." ಅವಳು ಪೆನ್ನಿನಿಂದ ತೋರಿಸಿದಳು.

ಎಲೋಫ್ ಕನ್ನಡಕ ಹುಡುಕಿದ, ಮೂಗಿನ ಮೇಲೆಯೇ ಸಿಕ್ಕಿತು, ಹತ್ತಿರ ಹೋಗಿ ನೋಡಿದ. ನೋಡುತ್ತ ನೋಡುತ್ತ ಅವನಿಗೆ ಕಾಲಡಿಯ ನೆಲ ಜಾರಿದಂತಾಯಿತು. ಹೆಲ್ಗೆಯ ಮೃದುವಾದ ಕಣ್ಣು, ವಾಪಸ್ ಬಂದ ಆರು ಪೊಟ್ಟಣ, ಟೋಪಿ ತೆಗೆದ ಹೆಂಗಸು, ಮುಳುಗಿದ ಬನ್ನು, ಎಲ್ಲವೂ ಒಂದೊಂದಾಗಿ ಎದ್ದು ಬಂದು ತಮ್ಮ ನಿಜವಾದ ಅರ್ಥವನ್ನು ಹೇಳಿದವು. ಒಂಬತ್ತು ದಿನ ತಾನು ಗೌರವವೆಂದು ಸವಿದದ್ದು ಅನುಕಂಪ. ಅವನ ಮುಖ ಮೊದಲು ಬಿಳಿಚಿ, ಆಮೇಲೆ ಕೆಂಪಾಯಿತು.

"ಅದು..." ಎಂದ, "ಅದು ಮೀನಿಂದಲ್ಲ. ನಂದು."

"ನಿಮ್ಮದು ಅಂದ್ರೆ?"

ಎಲೋಫ್ ಎಡಗೈ ಎತ್ತಿ ಹೆಬ್ಬೆರಳನ್ನು ಉಬ್ಬಿನ ಮೇಲಿಟ್ಟ. ಒರೆಯೊಳಗೆ ಕತ್ತಿ ಇಳಿದಂತೆ ಕೂತಿತು. ಹಿಂದೊಮ್ಮೆ ಬಣ್ಣದ ಡಬ್ಬಿಯ ಮುಚ್ಚಳ ಬಡಿದು ಆ ಬೆರಳಿನ ತುದಿಯಲ್ಲೊಂದು ಕಚ್ಚು ಬಿದ್ದಿತ್ತು. ಹಲಗೆಯ ಉಬ್ಬಿನ ತುದಿಯಲ್ಲೂ ಅದೇ ಕಚ್ಚು. ಲೋವಿಸಾ ಅಳತೆಪಟ್ಟಿ ತೆಗೆದಳು. ಬೆರಳನ್ನು ಅಳೆದಳು, ಉಬ್ಬನ್ನು ಅಳೆದಳು. ಬೇಲಿ ಅಳೆಯುವುದನ್ನು ಹೆಲ್ಗೆ ನಿಲ್ಲಿಸಿದ.

"ಹೊಂದುತ್ತೆ," ಎಂದಳು ಲೋವಿಸಾ ಗಂಭೀರವಾಗಿ. "ಆದರೆ ಬೆರಳು ಸಾಕ್ಷಿ ಅಷ್ಟೇ, ಪುರಾವೆ ಅಲ್ಲ. ಮೀನು ಎಲ್ಲಿ?"

"ಹಿಂದಿನರ್ಧ ಫ್ರೀಜರಲ್ಲಿದೆ," ಎಂಬ ದನಿ ಬಾಗಿಲಿನಿಂದ ಬಂತು. ಆಸ್ತಾ ಒಳಗೆ ಹೋಗಿ, ಮಂಜು ಕಟ್ಟಿದ, ತೋಳುದ್ದದ, ಬಾಲಸಹಿತವಾದ ತುಂಡನ್ನು ತಟ್ಟೆಯಲ್ಲಿಟ್ಟು ತಂದಳು. "ನಡುಬೇಸಿಗೆಯ ಹಬ್ಬಕ್ಕೆ ಅಂತ ಇಡಿಯಾಗಿ ಇಟ್ಟಿದ್ದೆ. ಇಷ್ಟು ದಿನ ಇಲ್ಲೇ ಇತ್ತು. ಯಾರಾದ್ರೂ ಬಾಯಿಬಿಟ್ಟು ಒಂದ್ಮಾತು ಕೇಳಿದ್ರೆ ತಾನೇ?"

ಲೋವಿಸಾ ಮಂಜನ್ನು ತೋಳಿನಿಂದ ಒರೆಸಿದಳು. ಬೆನ್ನು ಬೋಳಾಗಿತ್ತು; ಹಳೆಯ ಗಾಯ ವಾಸಿಯಾದ ಒಂದು ಸಣ್ಣ ಗೆರೆಯ ಹೊರತು ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದಿರುವುದನ್ನು ಅಷ್ಟು ಜನ ಅಷ್ಟು ಹೊತ್ತು ಕಣ್ಣು ಕೀಲಿಸಿ ನೋಡಿದ ಉದಾಹರಣೆ ಆ ಸರೋವರದ ಚರಿತ್ರೆಯಲ್ಲಿ ಇನ್ನೊಂದಿರಲಾರದು.

"ಸಾಕಿದ ಮೀನು. ಯಾವ ತಪ್ಪೂ ಇಲ್ಲ," ಎಂದಳು ಲೋವಿಸಾ.

ಬೇಲಿಯ ಆಚೆ ಒಂದು ದೊಡ್ಡ ಉಸಿರು ಹೊರಬಿತ್ತು. ಡಾಗ್ನಿ ಮೂಗು ಒರೆಸಿಕೊಂಡಳು. "ನಂಗೊತ್ತಿತ್ತು," ಎಂದಳು ಯಾರಿಗೋ, "ಮೊದಲಿಂದ್ಲೂ ಗೊತ್ತಿತ್ತು."

"ಫಾರಂ ಮಾತ್ರ ತುಂಬಿಸ್ಬೇಕು," ಎಂದು ಲೋವಿಸಾ ಕಡತ ತೆರೆದಳು. "ಉದ್ದ, ತೂಕ, ಸ್ಥಳ." ಬರೆದುಕೊಂಡಳು. "ಎರೆ. ಯಾವುದಕ್ಕೆ ಬಿತ್ತು?"

ಎಲೋಫ್ ಅಂಗಿಯ ಕಾಲರು ಸರಿಮಾಡಿಕೊಂಡ. ಬಂತು! ಎಲ್ಲಿಂದಲೋ, ಯಾರ ಬಾಯಿಂದಲೋ, ಅಂತೂ ಬಂತು. ಇಡೀ ಬಂದರೇ ಕೇಳಿಸಿಕೊಳ್ಳುತ್ತಿದೆ. ಅವನು ದೃಷ್ಟಿಯನ್ನು ದೂರದ ನೀರಿನ ಮೇಲಿಟ್ಟ. ಭುಜವನ್ನು ಬೇಕಾದಷ್ಟೇ ಕುಗ್ಗಿಸಿದ.

"ಏನಿಲ್ಲ," ಎಂದ, "ಅದೃಷ್ಟ ಅಷ್ಟೇ."

"ಅ-ದೃ-ಷ್ಟ," ಎಂದು ಬರೆದುಕೊಂಡು ಲೋವಿಸಾ ಮುಂದಿನ ಅಂಕಣಕ್ಕೆ ಹೋದಳು. "ನೀರಿನ ಉಷ್ಣತೆ?"

ಅವಳು ಪಟ್ಟಣದಲ್ಲಿ ಓದಿದವಳು. ಎರಡನೆಯ ಪ್ರಶ್ನೆಯೊಂದಿದೆಯೆಂದು ಅವಳಿಗೆ ಯಾವ ಪಠ್ಯಪುಸ್ತಕವೂ ಕಲಿಸಿರಲಿಲ್ಲ.

ಎಲೋಫ್ ಕತ್ತು ಚಾಚಿ ಫಾರಂ ನೋಡಿದ. ಹನ್ನೊಂದು ವರ್ಷ, ಏಳು ಪದರ ಬಣ್ಣ, ಆ ಒಂದು ತಿರುವು, ಎಲ್ಲವೂ ಒಂದು ಸರ್ಕಾರಿ ಕಾಗದದ ಮೇಲೆ ಅದೃಷ್ಟವೆಂಬ ಹೆಸರಿನಲ್ಲಿ ಒಣಗುತ್ತಿತ್ತು. ತಾನಾಗಿ ಹೇಳುವಂತಿಲ್ಲ. ಅವನು ಆಸ್ತಾಳನ್ನು ನೋಡಿದ; ಅವಳು ತಣ್ಣನೆಯ ತಟ್ಟೆ ಹಿಡಿದು ನಿಂತಿದ್ದಳು. "ಉಷ್ಣತೆ... ಐದು," ಎಂದ ಅವನು, ಮುಳುಗುವವನ ದನಿಯಲ್ಲಿ.

"ಸಹಿ ಇಲ್ಲಿ," ಎಂದಳು ಲೋವಿಸಾ.

ಪೆನ್ನು ಕಾಗದಕ್ಕೆ ತಾಕುವಷ್ಟರಲ್ಲಿ ಬೇಲಿ ಕಿರುಗುಟ್ಟಿತು. ಹೆಲ್ಗೆ ಲಿಂಡ್‌ವಾಲ್, ಒಂಬತ್ತು ಮೀನುಗಳ ಒಡೆಯ, ಬೇಲಿಯ ಮೇಲೆ ಕಾಲು ಹಾಕಿ, ಪ್ಯಾಂಟು ಸಿಕ್ಕಿಕೊಂಡು, ಬಿಡಿಸಿಕೊಂಡು, ಅಂಗಳಕ್ಕೆ ಇಳಿದ.

"ಏನಮ್ಮಾ ನೀನು!" ಎಂದ. "ಅದೃಷ್ಟ ಅಂತೆ! ಮೂಡುಗಾಳಿಲಿ, ಹನ್ನೊಂದೂವರೆ ಕಿಲೋ, ಅದೃಷ್ಟ ಅಂತ ಬರ್ಕೊಂಡು ಹೋಗ್ತಾರೇನಮ್ಮಾ ಯಾರಾದ್ರೂ? ಅಳಿಸು!" ಆಮೇಲೆ ಎಲೋಫನ ಕಡೆ ತಿರುಗಿದ. ಟೋಪಿ ತೆಗೆದು ಕೈಯಲ್ಲಿ ಹಿಸುಕಿದ. "ಎಲೋಫ್. ಕೇಳ್ತಿದೀನಿ ಕಣೋ. ಯಾವುದಕ್ಕೆ ಬಿತ್ತು?"

ಸರೋವರದ ಮೇಲೆ ಮೋಡ ಸರಿದು ಬೆಳಕು ಬಿತ್ತು ಎಂದು ಬರೆದರೆ ಓದುಗರು ನಂಬಲಾರರು; ಆದರೂ ಬಿತ್ತು.

"ಹಳದಿಗೆ," ಎಂದ ಎಲೋಫ್ ಬ್ರೂಮನ್.

ಆಮೇಲೆ ಅವನು ಒಂದು ಗಂಟೆ ನಲವತ್ತು ನಿಮಿಷ ಮಾತಾಡಿದ. ಕಂದು ನೀರಿನಲ್ಲಿ ಬೆಳ್ಳಿ ಹೇಗೆ ಸಾಯುತ್ತದೆ. ಹಳದಿ ಯಾವ ಆಳದವರೆಗೆ ಬದುಕುತ್ತದೆ. ತೇಲುವ ಹಲಗೆ ದೋಣಿಯಿಂದ ನಲವತ್ತು ಮೀಟರ್ ದೂರ ಯಾಕಿರಬೇಕು. ಮೂರು ಕಿಲೋಮೀಟರ್ ವೇಗದಲ್ಲಿ ಎರೆ ಹೇಗೆ ಕುಂಟುತ್ತದೆ, ನಾಲ್ಕರಲ್ಲಿ ಹೇಗೆ ನಡುಗುತ್ತದೆ, ಸಾಲ್ಮನ್‌ಗೆ ಕುಂಟುವುದು ಯಾಕಿಷ್ಟ. ತಿರುವನ್ನು ತೋರಿಸಲು ಅಂಗಳದಲ್ಲಿ ಅಂಕುಡೊಂಕಾಗಿ ನಡೆದ. ಅವನ ಹಿಂದೆ ಹೆಲ್ಗೆ, ಹೆಲ್ಗೆಯ ಹಿಂದೆ ಇಡೀ ಸಂಘ, ಒಳಬದಿಯವರು ನಿಧಾನಿಸುತ್ತ, ಹೊರಬದಿಯವರು ಓಡುತ್ತ. ಆಸ್ತಾ ಕಾಫಿ ತಂದಳು. ವಾಪಸ್ ಬಂದಿದ್ದ ಆರು ಪೊಟ್ಟಣಗಳೂ ಬಿಚ್ಚಿಕೊಂಡವು. ಸಸ್ಯಾಹಾರಿ ಎರಡು ಸಲ ಹಾಕಿಸಿಕೊಂಡರು. ಲೋವಿಸಾ ಫಾರಮಿನ ಒಂದು ಗೆರೆಯಲ್ಲಿ ಹಿಡಿಸದ ಕಾರಣ ಹಿಂಬದಿಗೆ ಹೋಗಿ, ಅದೂ ಸಾಲದೆ ನಾಲ್ಕು ಹಾಳೆಯ ಅನುಬಂಧ ಸೇರಿಸಿದಳು.

ಹಲಗೆಯ ಮೇಲಿನ ಹೆಬ್ಬೆರಳನ್ನು ಉಜ್ಜಿ ತೆಗೆಯುತ್ತೇನೆಂದು ಎಲೋಫ್ ಹೊರಟಾಗ ಹೆಲ್ಗೆ ಅವನ ಕೈ ಹಿಡಿದ. "ಮುಟ್ಬೇಡ," ಎಂದ. "ಹಿಡಿದೋನ ರುಜು ಇರೋ ಮೀನು ಈ ಬಂದರಲ್ಲಿ ಅದೊಂದೇ."

ಜೂನ್ ಮೊದಲ ವಾರ ಜಿಲ್ಲಾ ಕೇಂದ್ರದಿಂದ ಒಂದು ಪತ್ರ ಬಂತು. ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ, ಎಂದಿತ್ತು ಮೊದಲ ಸಾಲಿನಲ್ಲಿ. ಎರಡನೆಯ ಸಾಲು ಹೀಗಿತ್ತು: ಅನುಬಂಧವನ್ನು ಕಚೇರಿಯಲ್ಲಿ ಆಸಕ್ತಿಯಿಂದ ಓದಲಾಗಿದ್ದು, ಆ ಹಳದಿ ಯಾವುದೆಂದು ತಿಳಿಸಬೇಕಾಗಿ ನಮ್ಮ ಸಿಬ್ಬಂದಿಯಲ್ಲಿ ಮೂವರು ಕೋರಿದ್ದಾರೆ, ತಮ್ಮ ಸ್ವಂತ ಅಭಿಪ್ರಾಯವನ್ನೂ ಸೇರಿಸಿ ಬರೆದರೆ ಉಪಕಾರವಾಗುವುದು.

ಎಲೋಫ್ ಆ ಪತ್ರವನ್ನು ಯಾರಿಗೂ ತೋರಿಸಲಿಲ್ಲ, ಅದು ಸಭ್ಯತೆಯಲ್ಲ. ದೋಣಿಯಲ್ಲಿ ಕೂತು ಓದುವಾಗ ಅದು ಒಂದು ಮೂಲೆಯಲ್ಲಿ ಸ್ವಲ್ಪ ನೆನೆದದ್ದರಿಂದ, ಒಣಗಲೆಂದು, ರಸ್ತೆಯ ಕಡೆಯ ಕಿಟಕಿಯ ಗಾಜಿಗೆ, ಬರಹ ಹೊರಮುಖವಾಗಿ ಬರುವಂತೆ ಅಂಟಿಸಿದ. ಆ ವರ್ಷ ಬೇಸಿಗೆ ಎಂದಿಗಿಂತ ಬಿರುಸಾಗಿತ್ತು. ಆದರೂ ಅದು ಪೂರ್ತಿ ಒಣಗಲು ಸೆಪ್ಟೆಂಬರ್ ಕೊನೆಯಾಯಿತು.